ಓಪನ್‌ಫೋಮ್‌ಗೆ ಕಿಲ್ ಮೈನಸ್ ಒಂಬತ್ತು ಹೊಡೆಯಬೇಡಿ

ಐದು ದಿನ ಓಡಿದ್ದ ಸಿಮ್ಯುಲೇಶನ್ ಅನ್ನು ಒಂದೇ ಕಮಾಂಡಿನಲ್ಲಿ ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಮನೆಯ ಕಂಪ್ಯೂಟರಿನಲ್ಲಿ ದಿನಗಟ್ಟಲೆ ಓಪನ್‌ಫೋಮ್ ಓಡಿಸುವವರು ಇದನ್ನು ಓದಿ. ಗಾಳಿ, ನೀರು ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ ತಂತ್ರಾಂಶ ಅದು.

ನಮ್ಮದು ಚಿಕ್ಕಬಳ್ಳಾಪುರ. ಶಿಡ್ಲಘಟ್ಟದ ಹತ್ತಿರ ಮಾವನ ರೇಷ್ಮೆ ಹುಳು ಮನೆ ಇದೆ. ತಗಡಿನ ಸೂರು. ಬೆಳೆದ ಹುಳುವಿಗೆ 24-25 ಡಿಗ್ರಿ ಇದ್ದರೆ ಹಿತ. ಬೇಸಿಗೆಯ ಮಧ್ಯಾಹ್ನ ಆ ಸೂರಿನ ಕೆಳಗೆ ಮನುಷ್ಯರೇ ನಿಲ್ಲಲು ಆಗಲ್ಲ. ಮೇಲೆ ಗಾಳಿಕಿಂಡಿ ಬಿಟ್ಟರೆ ಬಿಸಿ ಗಾಳಿ ಎಷ್ಟು ಹೊರಗೆ ಹೋಗುತ್ತದೆ? ಇದೇ ನನ್ನ ಎಂ.ಟೆಕ್ ಪ್ರಾಜೆಕ್ಟ್. 20 ಲಕ್ಷ ಸೆಲ್ (ಲೆಕ್ಕಕ್ಕಾಗಿ ಮನೆಯೊಳಗಿನ ಜಾಗವನ್ನು ಕತ್ತರಿಸಿದ ಪುಟ್ಟ ತುಂಡುಗಳು), 8 ಕೋರ್, 3600 ಸೆಕೆಂಡಿನ ಗಾಳಿಯ ಓಟ. ಅದನ್ನು ಲೆಕ್ಕ ಹಾಕಲು ನನ್ನ ಕಂಪ್ಯೂಟರಿಗೆ ಆರು ದಿನ ಬೇಕು.

ತಪ್ಪು ಶುರುವಾಗಿದ್ದು ಮೊದಲ ದಿನವೇ. ಡಿಸ್ಕಿನಲ್ಲಿ ಜಾಗ ಕಡಿಮೆ ಇತ್ತು. ಹಾಗಾಗಿ ಒಂದು ಹಳೆಯ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಬರೆಯಲು ಬಿಟ್ಟೆ. ಆ ಗಾಳಿಯ ಓಟದ 600 ಸೆಕೆಂಡಿಗೊಮ್ಮೆ ಮಾತ್ರ ಉಳಿಸು ಅಂದೆ. ಅಂದರೆ ನಿಜವಾದ ಗಡಿಯಾರದಲ್ಲಿ ದಿನಕ್ಕೊಂದು ಸಲ! ಸಾಲದ್ದಕ್ಕೆ ಪರ್ಜ್‌ರೈಟ್ ಅನ್ನು 1 ಮಾಡಿದೆ. ಹೊಸದನ್ನು ಬರೆದ ಮೇಲೆ ಹಳೆಯದನ್ನು ಅಳಿಸಿಬಿಡು ಅಂತ ಇದರ ಅರ್ಥ. ಆಗ ಜಾಣತನ ಅನ್ನಿಸಿತ್ತು.

ಐದನೇ ದಿನ ಹತ್ತು ಗಂಟೆಯಿಂದ ಸಂಜೆವರೆಗೆ ಕರೆಂಟ್ ಇರಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಾನು ನೋಡಿದ್ದು ಒಂಬತ್ತೂ ಮುಕ್ಕಾಲಿಗೆ. ಗಾಬರಿಯಲ್ಲಿ ಗೆಳೆಯನಿಗೆ ಫೋನ್ ಮಾಡಿದೆ. "ಕಿಲ್ ಮಾಡು, ಮತ್ತೆ ಶುರು ಮಾಡಿದರೆ ನಿಂತಲ್ಲಿಂದಲೇ ಹೋಗುತ್ತೆ" ಅಂದ. ಅವನು ಸುಳ್ಳು ಹೇಳಲಿಲ್ಲ. ಆದರೆ ಅವನು ಓಡಿಸುವುದು ಗ್ರೋಮ್ಯಾಕ್ಸ್, ಅಣುಗಳ ಚಲನೆ ಲೆಕ್ಕ ಹಾಕುವ ಬೇರೆಯೇ ತಂತ್ರಾಂಶ. ಅದಕ್ಕೆ ಸಾಮಾನ್ಯ ಕಿಲ್ (ಪ್ರೋಗ್ರಾಮ್ ನಿಲ್ಲಿಸುವ ಕಮಾಂಡ್) ಕೊಟ್ಟರೆ, ಅಲ್ಲಿಯವರೆಗಿನ ಲೆಕ್ಕವನ್ನು ಉಳಿಸುವ ಒಂದು ಚೆಕ್‌ಪಾಯಿಂಟ್ ಬರೆದೇ ನಿಲ್ಲುತ್ತದೆ. ಸುಮ್ನೆ ಬಿಟ್ಟರೂ 15 ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುತ್ತದೆ, ಹಿಂದಿನದನ್ನೂ ಇಟ್ಟುಕೊಂಡಿರುತ್ತದೆ. ಓಪನ್‌ಫೋಮ್‌ಗೆ ನಾವಾಗಿ ಹೇಳಿಕೊಡದಿದ್ದರೆ ಈ ಬುದ್ಧಿ ಇಲ್ಲ.

ಲೆಕ್ಕ ಎಲ್ಲಿಗೆ ಬಂತು ಅಂತ ಬರೆದುಕೊಳ್ಳುವ ಲಾಗ್ ನೋಡಿದೆ. 3000ನೇ ಸೆಕೆಂಡಿನ ಸಾಲಿನಲ್ಲಿ ನಿಂತಿತ್ತು, ಮುಂದೆ ಹೋಗುತ್ತಿಲ್ಲ. ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಕಿಲ್ ಜೊತೆಗೆ ಮೈನಸ್ ಒಂಬತ್ತನ್ನು, ಅಂದರೆ ಒಂಬತ್ತನೇ ಸಿಗ್ನಲ್ ಅನ್ನು, ನಾನೇ ಸೇರಿಸಿ ಹೊಡೆದೆ. ಅದು ಸಿಕ್ಕಿಹಾಕಿಕೊಂಡಿರಲಿಲ್ಲ. ಆ ನಿಧಾನದ ಡಿಸ್ಕಿಗೆ ಬರೆಯುತ್ತಿತ್ತು. ಒಂಬತ್ತನೇ ಸಿಗ್ನಲ್ ಅನ್ನು ಯಾವ ಪ್ರೋಗ್ರಾಮೂ ತಡೆಯಲು ಆಗಲ್ಲ. ಕೈಯಲ್ಲಿದ್ದ ಫೈಲನ್ನು ಮುಗಿಸಲೂ ಅದು ಬಿಡಲ್ಲ.

ಸಂಜೆ ಕರೆಂಟ್ ಬಂದ ಮೇಲೆ ತೆರೆದು ನೋಡಿದೆ. 8 ಕೋರಿಗೆ 8 ಪ್ರೊಸೆಸರ್ ಫೋಲ್ಡರ್ ಇರುತ್ತವೆ ಅಲ್ವಾ. ಐದರಲ್ಲಿ 3000ನೇ ಸೆಕೆಂಡಿನದು ಪೂರ್ತಿ ಬರೆದು, ಹಿಂದಿನ 2400ರದು ಅಳಿಸಿಹೋಗಿತ್ತು. ಉಳಿದ ಮೂರರಲ್ಲಿ 2400 ಇತ್ತು, 3000 ಅರ್ಧಂಬರ್ಧ. ಎಂಟರಲ್ಲೂ ಸರಿಯಾಗಿರುವ ಒಂದೇ ಒಂದು ಸಮಯ ಇಲ್ಲ. ಅಲ್ಲಿಗೆ ಸೊನ್ನೆಯಿಂದ ಶುರು.

ಮಾವನಿಗೆ ಹೇಳಿದೆ. ಅವರ ಹುಳು ಆಗ ಹಣ್ಣಾಗಿ, ಗೂಡು ಕಟ್ಟಲು ಬಿಡುವ ತಟ್ಟೆ ಚಂದ್ರಿಕೆಯನ್ನು ಏರಿತ್ತು. "ಗೂಡು ಕಟ್ಟುವಾಗ ಚಂದ್ರಿಕೆ ಯಾರಾದರೂ ಕೊಡವುತ್ತಾರೇನೋ?" ಅಂದರು. ಕಂಪ್ಯೂಟರ್ ಗೊತ್ತಿಲ್ಲದವರು ನನಗಿಂತ ಸರಿಯಾಗಿ ಅರ್ಥ ಮಾಡಿಕೊಂಡಿದ್ದರು.

ಸರಿಯಾದ ದಾರಿ ನೋಡಿದರೆ ನಗು ಬರುತ್ತದೆ, ಅಷ್ಟು ಸುಲಭ. ಸಿಸ್ಟಮ್ ಫೋಲ್ಡರಿನ ಕಂಟ್ರೋಲ್‌ಡಿಕ್ಟ್ ಫೈಲ್ ತೆರೆಯಿರಿ. ಸ್ಟಾಪ್‌ಅಟ್ ಮುಂದೆ ಎಂಡ್‌ಟೈಮ್ ಅಂತ ಇರುತ್ತದೆ. ಅದನ್ನು ರೈಟ್‌ನೌ ಮಾಡಿ ಸೇವ್ ಮಾಡಿ, ಅಷ್ಟೇ. ಓಡುತ್ತಿರುವಾಗಲೇ ಅದು ಫೈಲನ್ನು ಮತ್ತೆ ಓದಿ, ಕೈಯಲ್ಲಿರುವ ಹೆಜ್ಜೆ ಮುಗಿಸಿ, ಎಲ್ಲವನ್ನೂ ಬರೆದು ತಾನೇ ನಿಲ್ಲುತ್ತದೆ. ಇದಕ್ಕೆ ಅದೇ ಫೈಲಿನಲ್ಲಿ ರನ್‌ಟೈಮ್‌ಮಾಡಿಫೈಯಬಲ್ ಟ್ರೂ ಆಗಿರಬೇಕು. ಶುರು ಮಾಡುವ ಮೊದಲೇ ನೋಡಿಕೊಳ್ಳಿ. ಲಾಗಿನ ಕೊನೆಯಲ್ಲಿ ಎಂಡ್ ಅನ್ನುವ ಪದ ಬರುವವರೆಗೆ ಸ್ವಿಚ್ ಮುಟ್ಟಬೇಡಿ. ನಿಧಾನದ ಡಿಸ್ಕ್ ಆದರೆ ಆ ಕಾಯುವಿಕೆ ಹೊಟ್ಟೆ ಉರಿಸುತ್ತದೆ, ಆದರೂ ಕಾಯಿರಿ.

ಇನ್ನೊಂದು ಗುಂಡಿ ಇದೆ, ಅದರಲ್ಲೂ ಬಿದ್ದಿದ್ದೇನೆ. ಮತ್ತೆ ಓಡಿಸುವಾಗ ಸ್ಟಾರ್ಟ್‌ಫ್ರಮ್ ಅನ್ನು ಲೇಟೆಸ್ಟ್‌ಟೈಮ್ ಮಾಡಿದೆ (ಕೊನೆಗೆ ಉಳಿಸಿದಲ್ಲಿಂದ ಹೊರಡು ಅಂತ), ಸ್ಟಾಪ್‌ಅಟ್ ಅನ್ನು ವಾಪಸ್ ಎಂಡ್‌ಟೈಮ್ ಮಾಡಲು ಮರೆತೆ. ಒಂದೇ ಹೆಜ್ಜೆ ಓಡಿ ನಿಂತಿತು. ನಾನು ನೋಡಿದ್ದು ಮಾರನೆಯ ದಿನ ಬೆಳಿಗ್ಗೆ.

ಈಗ ಪರ್ಜ್‌ರೈಟ್ 3 ಇಟ್ಟಿದ್ದೇನೆ. ರೈಟ್‌ಕಂಟ್ರೋಲ್ ಅನ್ನು ಕ್ಲಾಕ್‌ಟೈಮ್ ಮಾಡಿ 3600 ಕೊಟ್ಟಿದ್ದೇನೆ, ಗಂಟೆಗೊಂದು ಸಲ ಉಳಿಸುತ್ತದೆ. ಕರೆಂಟ್ ಹೇಳದೆ ಕೇಳದೆ ಹೋದರೂ ಜಾಸ್ತಿ ನಷ್ಟ ಇಲ್ಲ. ಮತ್ತೆ ಶುರು ಮಾಡುವ ಮುಂಚೆ ಎಂಟೂ ಫೋಲ್ಡರಿನಲ್ಲಿ ಕೊನೆಯ ಸಮಯ ಒಂದೇ ಇದೆಯಾ ಅಂತ ನೋಡುತ್ತೇನೆ. ಅರ್ಧ ಬರೆದದ್ದು ಒಂದರಲ್ಲಿ ಕಂಡರೂ ಆ ಸಮಯವನ್ನು ಎಂಟರಲ್ಲೂ ಅಳಿಸಿ, ಹಿಂದಿನದರಿಂದ ಹೊರಡುತ್ತೇನೆ.

ಮಾವನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ದುಡ್ಡೂ ಬಂತು. ನನ್ನದು ಆಗಿನ್ನೂ 1800ರಲ್ಲಿತ್ತು.