ತಪ್ಪಿದ ಖರ್ಚೋ, ಸಾಮಾಜಿಕ ಪ್ರತಿಫಲವೋ: ಯಾವ ಲೆಕ್ಕ ಹಿಡಿಯಬೇಕು?

ಹಾವೇರಿ, ಗದಗದ ಕಡೆ ಮಳೆ ಕೈಕೊಟ್ಟರೆ ಮನೆಮಂದಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೊರಡುತ್ತಾರೆ. ಮಕ್ಕಳ ಶಾಲೆ ತಪ್ಪುತ್ತದೆ. ನೋಡಿಕೊಳ್ಳುವವರಿಲ್ಲದ ಕೆಲವರು ಬಾಲಮಂದಿರ ಸೇರುತ್ತಾರೆ. ಇದನ್ನು ತಡೆಯುವ ಸಂಸ್ಥೆಗೆ 'ಇದರಿಂದ ಎಷ್ಟು ದುಡ್ಡು ಉಳೀತು?' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಒಂದು ದಾರಿ, ತಪ್ಪಿದ ಖರ್ಚಿನ ಲೆಕ್ಕ, ಅಂದರೆ ಈ ಕೆಲಸದಿಂದಾಗಿ ಸರ್ಕಾರ ಮಾಡಬೇಕಾಗದೇ ಹೋದ ಖರ್ಚು ಎಷ್ಟು ಎಂಬುದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಗುವನ್ನು ಮನೆಯಲ್ಲೇ ಉಳಿಸಲು ಕೊಡುವ ಪ್ರಾಯೋಜಕತ್ವ ನೆರವು ತಿಂಗಳಿಗೆ 4,000 ರೂಪಾಯಿ, ವರ್ಷಕ್ಕೆ 48,000. ಇನ್ನೊಂದು ಬದಿಗೆ ಬಾಲಮಂದಿರದ ಊಟ, ಸಿಬ್ಬಂದಿ ಸಂಬಳ, ಕಟ್ಟಡ. ಅಧಿಕಾರಿಗಳಿಗೆ ಬೇಗ ಅರ್ಥವಾಗುತ್ತದೆ. ಆದರೆ ಒಂದು ಮಗು ಕಡಿಮೆಯಾದರೆ ಸಿಬ್ಬಂದಿ ಸಂಬಳ ಕಡಿಮೆಯಾಗಲ್ಲ, ಅಲ್ವಾ? ಕಾಗದದ ಮೇಲಿನ ಉಳಿತಾಯ ಬೇರೆ, ಖಜಾನೆಯಲ್ಲಿ ಉಳಿಯುವ ಹಣ ಬೇರೆ. ನೆರವಿಲ್ಲದೆಯೂ ಮನೆಯಲ್ಲೇ ಇರುತ್ತಿದ್ದ ಮಕ್ಕಳನ್ನು ಲೆಕ್ಕದಿಂದ ಕಳೆಯಬೇಕು. ವರದಿಗಳು ಸುಮ್ನೆ ಉಬ್ಬುವುದು ಇಲ್ಲೇ.

ಇನ್ನೊಂದು ಎಸ್‌ಆರ್‌ಒಐ, ಅಂದರೆ ಸಾಮಾಜಿಕ ಹೂಡಿಕೆಯ ಪ್ರತಿಫಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ವಿಧಾನ. ಮಗುವಿನ ಧೈರ್ಯ, ತಾಯಿಯ ನೆಮ್ಮದಿಗೂ ರೂಪಾಯಿಯಲ್ಲಿ ಬೆಲೆ ಕಟ್ಟುತ್ತದೆ. ಊಹೆಗಳು ಜಾಸ್ತಿ. ಹಾಗಾಗಿ ಒಬ್ಬರ 'ಒಂದಕ್ಕೆ ನಾಲ್ಕು' (ಒಂದು ರೂಪಾಯಿ ಹಾಕಿದರೆ ನಾಲ್ಕು ರೂಪಾಯಿಯ ಪ್ರಯೋಜನ) ಎಂಬ ಫಲಿತಾಂಶವನ್ನು ಇನ್ನೊಬ್ಬರದಕ್ಕೆ ಹೋಲಿಸಬೇಡಿ.

ಜಿಲ್ಲಾ ಪಂಚಾಯಿತಿ ಮುಂದೆ ಹೋಗುವವರು ಮೊದಲನೆಯದನ್ನೇ ಹಿಡಿಯಿರಿ. ಹುಬ್ಬಳ್ಳಿಯ ಕಂಪನಿಗಳಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೇಳುವವರಿಗೆ ಎರಡನೆಯದು ಒಗ್ಗಬಹುದು. ಊಹೆಗಳನ್ನೆಲ್ಲ ಬರೆದು ತೋರಿಸಿ. ಯಾವುದೇ ಆದರೂ ಕೆಲಸ ಶುರುವಾಗುವ ಮೊದಲಿನ ಶಾಲಾ ಹಾಜರಾತಿ ಬೇಕೇ ಬೇಕು. ವರ್ಷ ಕಳೆದ ಮೇಲೆ ಅದನ್ನು ಹುಡುಕುವುದು ದೊಡ್ಡ ತಲೆನೋವು.