ಮಳೆಗಾಲದ ಜಗುಲಿಗೆ ಮಣಿಹಗ್ಗ: ಒಂದು ಶಾಲಾ ವರ್ಷ ಬಳಸಿದ ಮೇಲೆ

ಕಾರವಾರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕು, ಐದನೇ ತರಗತಿಗೆ ಅಕ್ಕೋರು. ಕಳೆದ ವರ್ಷ ಜೂನ್‌ನಲ್ಲಿ ಮಕ್ಕಳಿಗೆ ಅಂತ ನನ್ನ ಕೈಯಿಂದಲೇ ದುಡ್ಡು ಹಾಕಿ ಸ್ಕಿಪ್ಪಿಂಗ್ ಹಗ್ಗ ತಂದೆ. ಒಂದಲ್ಲ, ಮೂರು ಬಗೆಯವು. ವರ್ಷವಿಡೀ ಬಳಸಿದ್ದೇವೆ. ಯಾವುದು ಉಳಿಯಿತು, ಯಾವುದು ಕಪಾಟು ಸೇರಿತು ಎಂದು ಬೇರೆ ಶಾಲೆಯವರಿಗೂ ಮನೆಯವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಹಗ್ಗ ಯಾಕೆ ಬೇಕಾಯಿತು ಅನ್ನೋದನ್ನು ಮೊದಲು ಹೇಳಬೇಕು. ನಮ್ಮ ಕಡೆ ಜೂನ್ ಬಂತೆಂದರೆ ಶಾಲೆಯ ಮೈದಾನ ಕೆರೆ ಆಗುತ್ತದೆ. ಮಳೆ ಹಿಂದೆ ಸರಿಯುವವರೆಗೂ ಮಕ್ಕಳು ಹೊರಗೆ ಆಡುವ ಹಾಗಿಲ್ಲ. ಆಟದ ಪಿರಿಯಡ್ ಬಂದರೆ ಒಳಗೆ ಕೂತು ಕಾಪಿ ಬರೆಯುತ್ತಾರೆ. ಮೂರನೇ ತರಗತಿವರೆಗೆ ನಲಿ-ಕಲಿ ಇರುತ್ತದೆ, ಎದ್ದು ಓಡಾಡಿ, ಕಾರ್ಡು ತೆಗೆದು ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು. ಬಿಸಿಯೂಟ ಮುಗಿದು ಎರಡು ಗಂಟೆಗೆ ನನ್ನ ಗಣಿತ. ಅರ್ಧ ಮಕ್ಕಳಿಗೆ ಕಣ್ಣು ಎಳೆಯುತ್ತಿರುತ್ತದೆ. ಉಳಿದವರು ಕಾಲು ಅಲ್ಲಾಡಿಸುತ್ತಾ ಪಕ್ಕದವರನ್ನು ಚಿವುಟುತ್ತಿರುತ್ತಾರೆ. ಎಷ್ಟೋ ವರ್ಷ ನಾನೂ ‘ಸುಮ್ನೆ ಕೂತ್ಕೊಳ್ಳಿ’ ಅಂತಲೇ ಗದರಿದ್ದೇನೆ. ಬೆಳಗ್ಗೆಯಿಂದ ಸುಮ್ನೆ ಕೂತಿದ್ದೇ ಅವರ ತೊಂದರೆ ಅಂತ ಹೊಳೆದದ್ದು ತಡವಾಗಿ. ಮೈದಾನ ಇಲ್ಲದಿದ್ದರೆ ಜಗುಲಿಯಲ್ಲೇ ಹಾರಲಿ ಎಂದು ಹಗ್ಗ ತಂದೆ.

ಮೊದಲು ತಂದದ್ದು ಪೇಟೆಯ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ವೈರಿನಂಥ ಹಗ್ಗ, 60 ರೂಪಾಯಿ. ಸುರುಳಿ ಬಿಚ್ಚುವುದೇ ಇಲ್ಲ. ಹಾರುವಾಗ ನಡುವೆ ಸುತ್ತಿಕೊಳ್ಳುತ್ತದೆ. ಮೀನಖಂಡಕ್ಕೆ ಬಡಿದರೆ ಬಾಸುಂಡೆ. ಎರಡೇ ದಿನಕ್ಕೆ ಸಣ್ಣ ಮಕ್ಕಳು ಅದನ್ನು ನೋಡಿದರೆ ಹಿಂದೆ ಸರಿಯತೊಡಗಿದರು.

ಎರಡನೆಯದು ಮರದ ಹಿಡಿಕೆಯ ಹತ್ತಿ ಹಗ್ಗ. ಕೈಗೆ ಮೆತ್ತಗೆ, ಪೆಟ್ಟೂ ಇಲ್ಲ. ಆದರೆ ನಮ್ಮ ಮಳೆಗಾಲಕ್ಕೆ ಹತ್ತಿ ಹಗ್ಗ ಹೇಳಿ ಮಾಡಿಸಿದ್ದಲ್ಲ. ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗಲಿಲ್ಲ. ಜುಲೈನಲ್ಲಿ ಬೂಸ್ಟು ಹಿಡಿದು ವಾಸನೆ ಬಂತು. ಘಟ್ಟದ ಮೇಲೆ, ಅದೂ ಬೇಸಿಗೆಯಲ್ಲಿ ಆದರೆ ಇದೇ ಸಾಕು.

ಮೂರನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು. ನೈಲಾನ್ ದಾರಕ್ಕೆ ಒಂದಿಂಚು ಉದ್ದದ ಪೊಳ್ಳು ಪ್ಲಾಸ್ಟಿಕ್ ಮಣಿಗಳನ್ನು ಪೋಣಿಸಿರುತ್ತಾರೆ, ಒಂದು ಕೆಂಪು, ಒಂದು ಬಿಳಿ. ಮಕ್ಕಳೇ ‘ಮಣಿಹಗ್ಗ’ ಎಂದು ಹೆಸರಿಟ್ಟರು. ಒಂದಕ್ಕೆ 180 ರೂಪಾಯಿ ಬಿತ್ತು, ಹತ್ತು ತರಿಸಿದೆ. ಮೊದಲ ಸಲ ಮಾರಿದವರು ದೊಡ್ಡವರ ಅಳತೆಯದನ್ನು ಕಳಿಸಿದ್ದರು. ವಾಪಸ್ ಮಾಡಿ ಸರಿಯಾದದ್ದು ಬರಲು ಮೂರು ವಾರ ಹಿಡಿಯಿತು. ಆದರೂ ಹೇಳುತ್ತೇನೆ, ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಕಾರಣ ಅದರ ತೂಕ, ಅದರ ಸದ್ದು. ಮಣಿಯ ಭಾರಕ್ಕೆ ಹಗ್ಗ ಗಾಳಿಯಲ್ಲಿ ಕಮಾನಿನ ಹಾಗೆ ನಿಂತು ಬರುತ್ತದೆ, ಹಾಗಾಗಿ ಹೊಸಬರಿಗೂ ಯಾವಾಗ ನೆಗೆಯಬೇಕು ಅಂತ ಕಾಣುತ್ತದೆ. ಜಗುಲಿಯ ನೆಲಕ್ಕೆ ತಾಗಿದಾಗ ‘ಟಕ್’ ಎನ್ನುತ್ತದೆ. ಆ ಟಕ್ಕಿಗೆ ಸರಿಯಾಗಿ ನಾವು ಮಗ್ಗಿ ಹೇಳತೊಡಗಿದೆವು. ಏಳೊಂದ್ಲೆ ಏಳು, ಟಕ್. ಏಳೆರಡ್ಲೆ ಹದಿನಾಲ್ಕು, ಟಕ್. ಮೂರನೇ ಬೆಂಚಿನ ಒಬ್ಬಳು ಹುಡುಗಿ ಏಳರ ಮಗ್ಗಿಯಲ್ಲಿ ಯಾವಾಗಲೂ ನಲವತ್ತೆರಡರ ಹತ್ತಿರ ಬಂದು ನಿಂತುಬಿಡುತ್ತಿದ್ದಳು. ಹಾರುವಾಗಲೂ ಅಲ್ಲೇ ಕಾಲಿಗೆ ಹಗ್ಗ ಸಿಕ್ಕಿಕೊಳ್ಳುತ್ತಿತ್ತು. ಜಡೆ ಹಿಂದಕ್ಕೆ ಎಸೆದು, ತುಟಿ ಕಚ್ಚಿ, ಮತ್ತೆ ಮೊದಲಿಂದ. ಆಗಸ್ಟ್‌ನಲ್ಲಿ ಒಂದು ದಿನ ಎಪ್ಪತ್ತರವರೆಗೆ ನಿಲ್ಲದೆ ಹಾರಿದಳು. ಹಗ್ಗ ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಕ್ರಮ ಇಷ್ಟೇ. ಗಣಿತಕ್ಕೆ ಮೊದಲು ಹತ್ತು ನಿಮಿಷ. ಊಟ ಇಳಿಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಮೊದಲು ಜಗುಲಿಯ ಉದ್ದಕ್ಕೂ ನಡೆಯುವುದು, ಆಮೇಲೆ ಹಾರುವುದು. ಒಬ್ಬರು ಹಾರಿದರೆ ಒಬ್ಬರು ಎಣಿಸುತ್ತಾರೆ, ಆಮೇಲೆ ಅದಲು ಬದಲು. ಒಳಗೆ ಬಂದು ನೀರು ಕುಡಿದು ಕೂತ ಮೇಲೆ ಮೊದಲ ಅರ್ಧ ಗಂಟೆ ತರಗತಿಯೇ ಬೇರೆ. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಕೈ ಎತ್ತಿರುತ್ತಾರೆ.

ಇದು ನನ್ನ ಕಣ್ಣಿಗೆ ಮಾತ್ರ ಕಂಡದ್ದೋ ಎಂಬ ಅನುಮಾನ ಇತ್ತು. ಓದಿ ನೋಡಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಅವರ ಜೊತೆಯವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಒಂಬತ್ತು ಹತ್ತು ವರ್ಷದ 20 ಮಕ್ಕಳು, ಅಂದರೆ ನನ್ನ ತರಗತಿಯ ವಯಸ್ಸಿನವರೇ. ಟ್ರೆಡ್‌ಮಿಲ್ (ನಿಂತಲ್ಲೇ ನಡೆಯುವ ಯಂತ್ರ) ಮೇಲೆ 20 ನಿಮಿಷ ನಡೆಸಿ ಆಮೇಲೆ ಪರೀಕ್ಷೆ ಕೊಟ್ಟರು. ಸುಮ್ನೆ ಕೂತು ಬಂದ ದಿನಕ್ಕಿಂತ ನಡೆದು ಬಂದ ದಿನ ಅವರ ಗಮನ ಚೆನ್ನಾಗಿತ್ತು, ಓದಿ ಅರ್ಥ ಮಾಡಿಕೊಳ್ಳುವುದರಲ್ಲೂ ಜಾಸ್ತಿ ಅಂಕ ಬಂತು. ಅದೇ ತಂಡ 2014ರಲ್ಲಿ ಇನ್ನೂ ದೊಡ್ಡದನ್ನು ಪ್ರಕಟಿಸಿತು: ಏಳರಿಂದ ಒಂಬತ್ತು ವರ್ಷದ 221 ಮಕ್ಕಳು, ಅವರಲ್ಲಿ ಸುಮಾರು ಅರ್ಧ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂಬತ್ತು ತಿಂಗಳು ಆಟ. ಉಳಿದವರಿಗಿಂತ ಆಡಿದ ಮಕ್ಕಳಲ್ಲಿ ಮನಸ್ಸು ಅತ್ತಿತ್ತ ಹೋಗದಂತೆ ತಡೆದುಕೊಳ್ಳುವ ಶಕ್ತಿ ಹೆಚ್ಚು ಬೆಳೆದಿತ್ತು.

ನೆನಪಿಗೆ ಮುಖ್ಯವಾದ ಮಿದುಳಿನ ಭಾಗಕ್ಕೆ ಹಿಪೊಕ್ಯಾಂಪಸ್ ಎನ್ನುತ್ತಾರೆ. ಗ್ರೀಕ್‌ನಲ್ಲಿ ಅದು ಕಡಲಕುದುರೆಯ ಹೆಸರು, ಆಕಾರ ಹಾಗೇ ಇದೆ ಅಂತ ಆ ಹೆಸರು ಕೊಟ್ಟದ್ದು. ಕಡಲ ಬದಿಯ ಮಕ್ಕಳಿಗೆ ಇದನ್ನು ಹೇಳದೆ ಇರಲು ಆಗುತ್ತದಾ? ಬೋರ್ಡಿನ ಮೇಲೆ ತಲೆ ಬರೆದು, ಕಿವಿಯ ನೇರಕ್ಕೆ ಒಳಗೆ ಎರಡೂ ಬದಿಗೆ ಒಂದೊಂದು ಕಡಲಕುದುರೆ ಬರೆದೆ. ಓಡಿದರೂ ಬೇಗ ದಣಿಯದ ಗಟ್ಟಿ ದೇಹದ ಮಕ್ಕಳಲ್ಲಿ ಈ ಭಾಗ ದೊಡ್ಡದಾಗಿತ್ತು, ನೆನಪೂ ಚೆನ್ನಾಗಿತ್ತು ಎಂದು 2010ರ ಒಂದು ಅಧ್ಯಯನದಲ್ಲಿ ಕಂಡಿದೆ ಎಂದೆ. ಹಿಂದಿನ ಬೆಂಚಿನ ಹುಡುಗ ತಲೆ ಮುಟ್ಟಿಕೊಂಡು ‘ಅಕ್ಕೋರೆ, ಅದಕ್ಕೆ ಊಟ ಏನು?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಹಾರುವಾಗ ಎದೆ ಜೋರಾಗಿ ಬಡಿದು ಮಿದುಳಿಗೆ ರಕ್ತ ಜಾಸ್ತಿ ಹೋಗುತ್ತದೆ, ನರಕೋಶಗಳು ಒಂದಕ್ಕೊಂದು ಕೊಂಡಿ ಬೆಸೆಯಲು ನೆರವಾಗುವ ಒಂದು ಪ್ರೋಟೀನ್ ಕೂಡ ಹೆಚ್ಚುತ್ತದೆ, ಅದೇ ಊಟ ಅಂದೆ.

ಒಬ್ಬ ತಾಯಿ ಬಂದು ‘ಅಕ್ಕೋರೆ, ನಾವು ಕಳಿಸೋದು ಓದೋಕೆ, ಹಾರೋಕಲ್ಲ’ ಎಂದರು. ಬೇಸರ ಆಗಲಿಲ್ಲ, ಅವರ ಆತಂಕ ನನಗೆ ಗೊತ್ತು. ದಿನಕ್ಕೆ 60 ನಿಮಿಷ ಮಕ್ಕಳ ಮೈ ಬೆವರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾನು ಕೊಡುತ್ತಿರುವುದು ಹತ್ತೇ ನಿಮಿಷ ಎಂದೆ. ಮಾರನೇ ದಿನ ಮಧ್ಯಾಹ್ನ ಬಂದು ತರಗತಿ ನೋಡಿ ಹೋದರು. ಒಂದು ವಾರದ ಮೇಲೆ ಅವರ ಮನೆಯವರು ದೋಣಿಯ ಹಳೆಯ ನೈಲಾನ್ ಹಗ್ಗದ ತುಂಡು ಕಳಿಸಿಕೊಟ್ಟರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದೋಣಿ ದಡದಲ್ಲೇ ಇರುತ್ತದೆ ಅಲ್ವಾ. ಇಬ್ಬರು ತಿರುಗಿಸಿ ನಾಲ್ವರು ಹಾರುವ ಉದ್ದ ಹಗ್ಗ ನಮಗೆ ಹೀಗೆ ಪುಕ್ಕಟೆ ಸಿಕ್ಕಿತು. ಕಾಲಿನ ತೊಂದರೆ ಇರುವ ನಮ್ಮ ಒಬ್ಬ ಹುಡುಗ ಕುರ್ಚಿಯಲ್ಲಿ ಕೂತು ಅದರ ಒಂದು ತುದಿ ತಿರುಗಿಸುತ್ತಾನೆ. ಮಗ್ಗಿ ಹೇಳಿಸುವವನೂ ಅವನೇ. ಅವನು ವೇಗ ಹೆಚ್ಚಿಸಿದರೆ ಎಲ್ಲರೂ ಹೆಚ್ಚಿಸಲೇಬೇಕು.

ಮಣಿಹಗ್ಗಕ್ಕೂ ಕೊರತೆ ಇದೆ. ಬರಿಗಾಲಿನ ಬೆರಳಿಗೆ ಬಡಿದರೆ ಪ್ಲಾಸ್ಟಿಕ್ ವೈರಿಗಿಂತ ಜಾಸ್ತಿ ನೋವು, ಶೂ ಬೇಕೇ ಬೇಕು. ಒರಟು ಸಿಮೆಂಟಿಗೆ ಮಣಿ ಸೀಳುತ್ತದೆ, ನಮ್ಮ ಹತ್ತರಲ್ಲಿ ಎರಡು ಹಗ್ಗದ ನಡುವಿನ ಮಣಿಗಳು ಡಿಸೆಂಬರ್‌ಗೆ ಹೋದವು. ಟೈಲ್ಸ್ ಒದ್ದೆ ಇದ್ದರೆ ಜಾರುತ್ತದೆ. ಇರಚಲು ಬೀಳುವ ದಿನ ನಾವು ಹಗ್ಗ ಮುಟ್ಟುವುದಿಲ್ಲ, ನಿಂತಲ್ಲೇ ಓಡುತ್ತೇವೆ. ಇನ್ನೊಂದು ಮಾತು, ಓದಲು ಬಾರದ ಮಗುವಿಗೆ ಹಗ್ಗ ಓದು ಕಲಿಸುವುದಿಲ್ಲ. ಜೊತೆಗೆ ಕೂತು ಅಕ್ಷರ ತಿದ್ದಿಸಲೇಬೇಕು. ಕೂತಾಗ ಆ ಮಗುವಿನ ಮನಸ್ಸು ನನ್ನ ಜೊತೆ ಇರುತ್ತದೆ, ಅಷ್ಟು ಈ ಹಗ್ಗದಿಂದ ಆಗಿದೆ.

ಕೊಳ್ಳುವಾಗ ಅಳತೆ ನೋಡಿ. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಹಿಡಿಕೆ ಕಂಕುಳಿಗೆ ಬರಬೇಕು. ನಾಲ್ಕನೇ ತರಗತಿಯ ಹೆಚ್ಚಿನ ಮಕ್ಕಳಿಗೆ 7 ಅಡಿ ಸಾಕು. ಉದ್ದವಾದರೆ ಹಿಡಿಕೆ ಬಿಚ್ಚಿ ನಾಲ್ಕು ಮಣಿ ತೆಗೆದು ಗಂಟು ಹಾಕಿ. ತೆಗೆದ ಮಣಿ ಬಿಸಾಡಬೇಡಿ, ಡಿಸೆಂಬರ್‌ನಲ್ಲಿ ಸೀಳಿದ್ದರ ಬದಲಿಗೆ ಅವೇ ಬೇಕಾಗುತ್ತವೆ.