ಸುಮ್ಮಸುಮ್ಮನೆ ಕೂಗುವ ಕಾರ್ ಅಲಾರಂ: ಕಿಟ್ ಪರವಾಗಿಲ್ಲ, ಫಿಟಿಂಗ್ ನೋಡಿಕೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸೀಟ್ ಕವರ್ ಅಂಗಡಿಯವರೆಗೆ ಸಿಗುವ ಕಡಿಮೆ ಬೆಲೆಯ ಅಲಾರಂ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಜಾತಿಯವು, ಬದಲಾಗುವುದು ಮೇಲಿನ ಸ್ಟಿಕ್ಕರ್. ಪೆಟ್ಟಿಗೆಯಲ್ಲಿ ಒಂದು ಕಂಟ್ರೋಲ್ ಯೂನಿಟ್, ಸೈರನ್, ಕಾರಿಗೆ ಬೀಳುವ ಹೊಡೆತ ಗುರುತಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಶಾಕ್ ಸೆನ್ಸರ್, ಎರಡು ರಿಮೋಟ್, ಬಾನೆಟ್‌ಗೊಂದು ಪಿನ್ ಸ್ವಿಚ್, ಡ್ಯಾಶ್‌ಬೋರ್ಡ್ ಮೇಲೆ ಮಿನುಗುವ ಎಲ್‌ಇಡಿ ಮತ್ತು ಒಂದಿಷ್ಟು ವೈರ್ ಇರುತ್ತವೆ. ಸೆಂಟ್ರಲ್ ಲಾಕ್ ಜೊತೆಗೆ ಕೊಂಡರೆ ಚಾಲಕನ ಬಾಗಿಲಿಗೆ 5 ವೈರ್‌ನ ಮೋಟಾರ್, ಉಳಿದ ಬಾಗಿಲುಗಳಿಗೆ 2 ವೈರ್‌ನವು ಬರುತ್ತವೆ. ಹಳೆಯ ಆಲ್ಟೊ, ಓಮ್ನಿ, ವ್ಯಾಗನ್‌ಆರ್‌ಗಳ ಬೇಸ್ ಮಾಡೆಲ್‌ಗೆ ಇದು ಸರಿಹೊಂದುವ ಸರಕು.

ಯೂನಿಟ್ ಬಗ್ಗೆ ಹೆಚ್ಚು ತಕರಾರಿಲ್ಲ. ನಡುರಾತ್ರಿ ಕಾರಣವಿಲ್ಲದೆ ಕೂಗಿತು ಎಂಬ ದೂರುಗಳಲ್ಲಿ ಯೂನಿಟ್ ಕೆಟ್ಟಿರುವುದು ಅಪರೂಪ. ಅದಕ್ಕೆ ಬರುವ ಸುದ್ದಿಯೇ ಸುಳ್ಳಾಗಿರುತ್ತದೆ. ಬಾಗಿಲು ಮುಚ್ಚಿದ್ದರೂ ತೆರೆದಿದೆ ಎಂದು ಸ್ವಿಚ್ ಹೇಳಿದರೆ ಪಾಪ, ಯೂನಿಟ್ ಕೂಗದೆ ಇನ್ನೇನು ಮಾಡೀತು? ಹಾಗಾಗಿ ಹೊಸ ಕಿಟ್‌ಗೆ ದುಡ್ಡು ಸುರಿಯುವ ಮೊದಲು ಈಗಿರುವುದರ ಕೂಗನ್ನೇ ಕಿವಿಗೊಟ್ಟು ಕೇಳಿ. ಈ ಕಿಟ್‌ಗಳು ಸುಮಾರು ಅರ್ಧ ನಿಮಿಷ ಕೂಗಿ ನಿಲ್ಲುತ್ತವೆ. ನಿಂತ ಕೂಡಲೇ ಮತ್ತೆ ಶುರುವಾಗಿ ಹಾಗೇ ಮುಂದುವರಿದರೆ ಯಾವುದೋ ಸ್ವಿಚ್ ಆನ್ ಆಗಿಯೇ ಉಳಿದಿದೆ. ಒಮ್ಮೆ ಕೂಗಿ ಗಂಟೆಗಟ್ಟಲೆ ಸುಮ್ಮನಾದರೆ ಶಾಕ್ ಸೆನ್ಸರ್ ಅಥವಾ ಸಡಿಲ ಜಾಯಿಂಟ್ ಮೇಲೆ ಅನುಮಾನಪಡಿ. ಕೆಲವು ಕಿಟ್‌ಗಳಲ್ಲಿ ರಿಮೋಟ್‌ನಿಂದ ಅಲಾರಂ ಆಫ್ ಮಾಡಿದ ಮೇಲೆ ಎಲ್‌ಇಡಿ ಎಷ್ಟು ಸಲ ಮಿನುಗುತ್ತದೆ ಎಂಬುದರಿಂದಲೇ ಬಾಗಿಲೋ ಬಾನೆಟ್ಟೋ ಸೆನ್ಸರೋ ಗೊತ್ತಾಗುತ್ತದೆ. ಆ ಲೆಕ್ಕ ಕಿಟ್‌ನಿಂದ ಕಿಟ್‌ಗೆ ಬೇರೆ, ಜೊತೆಗೆ ಬಂದ ಚೀಟಿ ಎಸೆಯಬೇಡಿ.

ಇಡೀ ಕಿಟ್‌ನಲ್ಲಿ ತೀರಾ ಕಳಪೆ ವಸ್ತು ಬಾನೆಟ್‌ನ ಪಿನ್ ಸ್ವಿಚ್. ಒತ್ತಿದಾಗ ಒಳಗೆ ಹೋಗುವ ಕಡ್ಡಿ, ಒಂದು ಸ್ಪ್ರಿಂಗ್, ಒಂದು ವೈರ್, ಇಷ್ಟೇ ಅದರ ಸಂಸಾರ. ಬಾನೆಟ್ ಮುಚ್ಚಿದಾಗ ಕಡ್ಡಿ ಒಳಗೆ ಹೋಗಿ ಸಂಪರ್ಕ ತಪ್ಪಬೇಕು, ತೆರೆದಾಗ ವೈರ್ ಬಾಡಿಗೆ ಅರ್ಥ್ ಆಗಬೇಕು. ಕೆಲಸ ಬೇಗ ಮುಗಿಯಲಿ ಎಂದು ಇದನ್ನು ಗಾಜಿನ ನೀರು ಇಳಿದುಬರುವ ಕಾಲುವೆಯ ಪಕ್ಕವೇ ಕೂರಿಸಿಬಿಡುತ್ತಾರೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ, ಮಲೆನಾಡು ಕರಾವಳಿಯಲ್ಲಾದರೆ ಅದಕ್ಕೂ ಮೊದಲೇ, ಕಡ್ಡಿ ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮಳೆ ಬಂದ ರಾತ್ರಿಯೇ ಅಲಾರಂ ಕೂಗುತ್ತದೆ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ. ಸ್ವಿಚ್‌ನ ವೈರ್ ಬಿಚ್ಚಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ಮೊನೆ ಸ್ವಿಚ್‌ನ ಪಿನ್ನಿಗೆ, ಇನ್ನೊಂದು ಬಾಡಿಗೆ ತಾಗಿಸಿ. ಕಡ್ಡಿ ಮೇಲಿದ್ದಾಗ ಸೊನ್ನೆಯ ಹತ್ತಿರ ಬರಬೇಕು, ಕೈಯಿಂದ ಪೂರ್ತಿ ಒತ್ತಿದಾಗ ಸಂಪರ್ಕವೇ ಇಲ್ಲವೆಂದು (OL ಅಥವಾ 1) ತೋರಿಸಬೇಕು. ಒತ್ತಿದಾಗಲೂ ಕೆಲವು ಕಿಲೋ ಓಮ್ ತೋರಿಸಿದರೆ ಒಳಗೆ ನೀರು, ಕೊಳೆ ಸೇರಿದೆ ಎಂದರ್ಥ. ಅದನ್ನು ತೊಳೆದು ಉಪಯೋಗಿಸುವ ಉಳಿತಾಯ ಬೇಡ, ಹೊಸದು ಹಾಕಿ.

ಸ್ವಿಚ್ ಚೆನ್ನಾಗಿದ್ದೂ ಬಾನೆಟ್ ಅದನ್ನು ಸಾಕಷ್ಟು ಒತ್ತದೆ ಇರಬಹುದು. ಚಪಾತಿ ಹಿಟ್ಟಿನ ಕಡಲೆ ಗಾತ್ರದ ಉಂಡೆಯನ್ನು ಕಡ್ಡಿಯ ತಲೆಗೆ ಅಂಟಿಸಿ ಬಾನೆಟ್ ಮುಚ್ಚಿ ತೆಗೆಯಿರಿ. ಉಂಡೆ ಕಾಗದದಂತೆ ಚಪ್ಪಟೆಯಾಗಿರಬೇಕು. ದಪ್ಪ ಉಳಿದಿದ್ದರೆ ಬಾನೆಟ್ ಕಡ್ಡಿಗೆ ನೆಟ್ಟಗೆ ತಾಗುತ್ತಲೇ ಇಲ್ಲ, ಪಕ್ಕದಲ್ಲಿ ಲಾರಿ ಹಾದರೂ ಸಂಪರ್ಕ ಕೂಡಿ ಬಿಡುತ್ತದೆ. ಸ್ವಿಚ್‌ನ ಕ್ಲ್ಯಾಂಪ್ ತುಸು ಮೇಲೆತ್ತಿದರೆ ಸರಿಹೋಗುತ್ತದೆ. ಕಡ್ಡಿ 5–6 ಮಿ.ಮೀ. ಒಳಗೆ ಹೋಗುವಂತಿದ್ದರೆ ಚಿಂತೆಯಿಲ್ಲ.

ಶಾಕ್ ಸೆನ್ಸರ್‌ಗೆ ಬೈಯುವವರೇ ಹೆಚ್ಚು, ಆದರೆ ಅದು ಬಾನೆಟ್ ಸ್ವಿಚ್‌ಗಿಂತ ಎಷ್ಟೋ ಮೇಲು. ತೊಂದರೆ ಇರುವುದು ಅದನ್ನು ಕೂರಿಸುವ ರೀತಿಯಲ್ಲಿ. ಡಬಲ್ ಟೇಪ್ ಹಚ್ಚಿ ಪ್ಲಾಸ್ಟಿಕ್‌ಗೆ ಅಂಟಿಸಿದರೆ ಬಿಸಿಲಿಗೆ ಗೋಂದು ಕರಗಿ ಸೆನ್ಸರ್ ತೂಗಾಡುತ್ತದೆ, ತೂಗಾಡುವ ಸೆನ್ಸರ್‌ಗೆ ಪ್ರತಿ ಅಲುಗಾಟವೂ ಹೊಡೆತವೇ. ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಫ್ರೇಮ್‌ಗೆ ಸ್ಕ್ರೂ ಹಾಕಿಸಿ. ಅದು ಆಗದಿದ್ದರೆ ಎರಡು ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟಿಸಿ. ಸೆನ್ಸರ್ ಮೇಲೆ ಸಣ್ಣ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ತಿರುಪು ಇದೆ. ಅದನ್ನು ಪೂರ್ತಿ ಕಡಿಮೆಗೆ ತಂದು ಬಾಗಿಲು ಹಾಕಿ, ರಿಮೋಟ್ ಒತ್ತಿ ಒಂದು ನಿಮಿಷ ಕಾಯಿರಿ. ಆಮೇಲೆ ಬಾಗಿಲ ಪಕ್ಕದ ಕಾರಿನ ಬಾಡಿಯ ಕಂಬಕ್ಕೆ ಮುಷ್ಟಿಯ ಬದಿಯಿಂದ ಗುದ್ದಿ. ಕೂಗದಿದ್ದರೆ ಅಲಾರಂ ಆಫ್ ಮಾಡಿ, ತಿರುಪನ್ನು ಕಾಲು ಸುತ್ತಿಗೂ ಕಡಿಮೆ ಹೆಚ್ಚಿಸಿ ಮತ್ತೆ ನೋಡಿ. ಅಂಗೈಯಿಂದ ತಟ್ಟಿದರೆ ಸುಮ್ಮನಿದ್ದು ಗುದ್ದಿದರೆ ಕೂಗುವ ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ಅಂಗಡಿಯಲ್ಲಿ ಬೆರಳಿನಿಂದ ತಟ್ಟಿ ಕೂಗಿಸಿ ತೋರಿಸಿದರೆ ಖುಷಿಪಡಬೇಡಿ. ಆ ಸೆಟ್ಟಿಂಗ್‌ನಲ್ಲಿ ದೀಪಾವಳಿಯ ಮೂರು ದಿನವೂ ನೀವು ಬಾಲ್ಕನಿಯಲ್ಲೇ ನಿಂತಿರಬೇಕಾಗುತ್ತದೆ. ಎರಡು ಹಂತದ ಸೆನ್ಸರ್ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಮೆಲ್ಲಗೆ ತಟ್ಟಿದರೆ ಅದು ಕೀಚ್ ಎಂದು ಎಚ್ಚರಿಸಿ ಸುಮ್ಮನಾಗುತ್ತದೆ, ಪೂರ್ತಿ ಕೂಗುವುದು ಜೋರು ಹೊಡೆತಕ್ಕೆ ಮಾತ್ರ.

ಬಾಗಿಲಿನ ಸ್ವಿಚ್ ಪತ್ತೆ ಸುಲಭ. ರಾತ್ರಿ ಎಲ್ಲ ಬಾಗಿಲು ಮುಚ್ಚಿ ಒಳಗಿನ ರೂಫ್ ಲೈಟ್ ನೋಡಿ, ಮಿಣುಕಿದರೆ ಕಳ್ಳ ಸಿಕ್ಕಿಬಿದ್ದ. ಕಂಬದಲ್ಲಿರುವ ರಬ್ಬರ್ ಟೋಪಿಯ ಸ್ವಿಚ್ ಆದರೆ ಟೋಪಿ ಹರಿದಿದೆಯೇ ನೋಡಿ. ಕೆಲವು ಹೊಸ ಕಾರುಗಳಲ್ಲಿ ಸ್ವಿಚ್ ಬಾಗಿಲ ಲಾಕ್‌ನ ಒಳಗೇ ಇರುತ್ತದೆ, ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಬಾಗಿಲನ್ನು ಹತ್ತಿಪ್ಪತ್ತು ಸಲ ತೆಗೆದು ಹಾಕಿ. ಡಿಕ್ಕಿಯದೂ ಹಾಗೆಯೇ. ರೂಫ್ ಲೈಟ್ ನಿಧಾನವಾಗಿ ಆರುವ ಕಾರುಗಳಲ್ಲಿ ಇನ್ನೊಂದು ಎಡವಟ್ಟಿದೆ. ಬಾಗಿಲ ಸುದ್ದಿಗೆಂದು ಫಿಟ್ಟರ್ ಆ ಲೈಟಿನ ವೈರನ್ನೇ ಕಚ್ಚಿಸಿದ್ದರೆ, ಲೈಟ್ ಆರುವ ಮೊದಲೇ ಲಾಕ್ ಆದಾಗ ಬಾಗಿಲು ತೆರೆದಿದೆ ಎಂದು ಯೂನಿಟ್ ತಿಳಿಯುತ್ತದೆ. ವೈರನ್ನು ನೇರ ಸ್ವಿಚ್‌ನಿಂದ ತೆಗೆಸಿಕೊಳ್ಳಬೇಕು.

ಬ್ಯಾಟರಿಯನ್ನೂ ಮರೆಯುವಂತಿಲ್ಲ. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಅಳೆದರೆ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ದುರ್ಬಲ ಬ್ಯಾಟರಿ ಅಥವಾ ಸಡಿಲ ಟರ್ಮಿನಲ್‌ನಿಂದ ಕರೆಂಟ್ ಕ್ಷಣಕಾಲ ತಪ್ಪಿ ಬಂದರೆ ಯಾರೋ ವೈರ್ ಕಿತ್ತರು ಎಂದೇ ಹಲವು ಯೂನಿಟ್‌ಗಳು ಕೂಗತೊಡಗುತ್ತವೆ, ಅವನ್ನು ಮಾಡಿರುವುದೇ ಹಾಗೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ 10 ಮಿ.ಮೀ. ಸ್ಪ್ಯಾನರ್‌ನಿಂದ ಮೊದಲು ನೆಗೆಟಿವ್ ಬಿಚ್ಚಿ. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಬಿಗಿ ಮಾಡಿ ವ್ಯಾಸಲೀನ್ ಸವರಿ.

ಒಳಗೇ ಬ್ಯಾಟರಿ ಇರುವ ಸೈರನ್‌ಗೆ ನಮ್ಮ ಶಿಫಾರಸು ಇಲ್ಲ. ಕಾರಿನ ಬ್ಯಾಟರಿ ತೆಗೆದರೂ ಕೂಗುತ್ತದೆ ಎಂಬ ಹೆಗ್ಗಳಿಕೆಯೇ ಆ ಪುಟ್ಟ ಬ್ಯಾಟರಿ ಹಳತಾದ ಮೇಲೆ ಪೀಡೆಯಾಗುತ್ತದೆ. ಅದನ್ನು ಬಾಯಿ ಮುಚ್ಚಿಸಲು ಪಕ್ಕದಲ್ಲೇ ಕೀಲಿ ತೂತು ಇರುತ್ತದೆ. ಕೀಲಿ ಮಾತ್ರ ಬೇಕಾದಾಗ ಸಿಗುವುದಿಲ್ಲ. ಸಾಮಾನ್ಯ ಸೈರನ್ ಸಾಕು, ಅದರ ಬಾಯಿ ನೆಲ ನೋಡುವಂತೆ ಕೂರಿಸಿದರೆ ನೀರು ನಿಲ್ಲುವುದಿಲ್ಲ.

ದೋಷವಲ್ಲದ ಕೂಗುಗಳೂ ಇವೆ. ರಿಮೋಟ್‌ನಿಂದ ಲಾಕ್ ಮಾಡಿ ಕೀಲಿಯಿಂದ ಬಾಗಿಲು ತೆಗೆದರೆ ಈ ಜಾತಿಯ ಕಿಟ್ ಕೂಗಿಯೇ ತೀರುತ್ತದೆ. ಅನ್‌ಲಾಕ್ ಮಾಡಿ ಬಾಗಿಲು ತೆಗೆಯದೆ ಬಿಟ್ಟರೆ ಹಲವು ಕಿಟ್‌ಗಳು ಸುಮಾರು 30 ಸೆಕೆಂಡಿನಲ್ಲಿ ತಾವೇ ಮತ್ತೆ ಲಾಕ್ ಆಗುತ್ತವೆ, ಆಮೇಲೆ ಕೀಲಿಯಿಂದ ಬಾಗಿಲು ತೆಗೆದರೂ ಕೂಗೇ. ಜೇಬಿನಲ್ಲಿ ಪ್ಯಾನಿಕ್ ಗುಂಡಿ ಒತ್ತಿಕೊಂಡದ್ದೂ ಇರಬಹುದು. ಹಾಗೆ ಅನಿಸಿದರೆ ಒಂದು ರಾತ್ರಿ ಎರಡೂ ರಿಮೋಟ್‌ನ ಸೆಲ್ ತೆಗೆದಿಟ್ಟು ನೋಡಿ.

ಯಾವುದೂ ಸ್ಪಷ್ಟವಾಗದಿದ್ದರೆ ಒಂದೊಂದಾಗಿ ಬಿಡಿಸುವುದೇ ದಾರಿ. ಮೊದಲ ರಾತ್ರಿ ಶಾಕ್ ಸೆನ್ಸರ್‌ನ ಪ್ಲಗ್ ಕಿತ್ತಿಟ್ಟು ಲಾಕ್ ಮಾಡಿ. ಮರುರಾತ್ರಿ ಅದನ್ನು ಮತ್ತೆ ಹಾಕಿ ಬಾನೆಟ್ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ. ಯಾವುದನ್ನು ತೆಗೆದಾಗ ಕೂಗು ನಿಂತಿತೋ ಅದೇ ಅಪರಾಧಿ. ಎರಡಕ್ಕೂ ನಿಲ್ಲದಿದ್ದರೆ ಸ್ಟೇರಿಂಗ್ ಕೆಳಗಿನ ಜಾಯಿಂಟ್‌ಗಳನ್ನು ಬಿಚ್ಚಿ ನೋಡಬೇಕು, ಬಾನೆಟ್ ಒಳಗೆ ಇಲಿ ಕಡಿದ ಗುರುತನ್ನೂ ಹುಡುಕಬೇಕು.

ಅಂಕ ಕೊಡುವುದಾದರೆ ಯೂನಿಟ್ ಮತ್ತು ರಿಮೋಟ್‌ಗೆ ಹತ್ತಕ್ಕೆ ಏಳು, ಸೆನ್ಸರ್‌ಗೆ ಆರು, ಬಾನೆಟ್ ಸ್ವಿಚ್‌ಗೆ ಎರಡು. ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇನೆ ಎನ್ನುವ ಫಿಟಿಂಗ್‌ಗೆ ಸೊನ್ನೆ. ವೈರನ್ನು ತಿರುಚಿ ಕಪ್ಪು ಟೇಪ್ ಸುತ್ತಿದರೆ ಎರಡು ಬೇಸಿಗೆಗೆ ಅಂಟು ಬಿಟ್ಟು ಜಾರುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸುವವರ ಬಳಿ ಹೋಗಿ, ಅರ್ಥ್ ವೈರ್ ಕೂರಿಸುವ ಜಾಗದ ಪೇಂಟ್ ಕೆರೆಸಿ. ಅಲಾರಂನಿಂದ ಇಂಜಿನ್ ನಿಲ್ಲಿಸುವ ಇಂಜಿನ್ ಕಟ್ ವೈರ್ ಬೇಡವೆಂದು ಮೊದಲೇ ಹೇಳಿ, ಅದರ ಅಗ್ಗದ ರಿಲೇ (ಕರೆಂಟ್ ಕಡಿಯುವ ಸ್ವಿಚ್) ಕೈಕೊಟ್ಟರೆ ಓಡುವ ಕಾರೇ ನಿಂತುಹೋಗುತ್ತದೆ. ವಾರಂಟಿಯಲ್ಲಿರುವ ಕಾರಿಗೆ ಮೂಲ ವೈರ್ ಕತ್ತರಿಸದೆ ಕಪ್ಲರ್‌ನಲ್ಲಿ (ವೈರ್‌ಗಳನ್ನು ಜೋಡಿಸುವ ಪ್ಲಗ್) ಕೂರುವ ಕಿಟ್ ಬಿಟ್ಟು ಬೇರೆ ಹಾಕಿಸಬೇಡಿ. ಬಿಲ್ ಕೊಡುವ ಮುನ್ನ ವ್ಯಾಲೆ ಬಟನ್ ಎಲ್ಲಿ ಕೂರಿಸಿದ್ದಾರೆ, ಅದರಿಂದ ಅಲಾರಂ ನಿಲ್ಲಿಸುವುದು ಹೇಗೆ ಎಂದು ಅಂಗಡಿಯವರಿಂದಲೇ ಒಮ್ಮೆ ಮಾಡಿಸಿ ನೋಡಿ. ರಿಮೋಟ್‌ನ ಸೆಲ್ ಮುಗಿದ ದಿನ ಕೈಹಿಡಿಯುವುದು ಆ ಬಟನ್ ಒಂದೇ.